ಎಡಗೈಯ ಅಭ್ರಕ

ಬಲಗೈಯಿಂದ ಎಡಗೈಯ ಉಗುರಿಗೆ ಬಣ್ಣ ಹಚ್ಚಬಹುದು. ಎಡಗೈಯಿಂದ ಬಲಗೈಗೆ ಹಚ್ಚಲು ಬರುವುದಿಲ್ಲ. ಇದು ಚಿಕ್ಕ ಹುಡುಗಿಯರಿಗೂ ಗೊತ್ತಿರುವ ಸಂಗತಿ. ನನಗೆ ಮಾತ್ರ ಇದು ತಿಳಿದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಹಳೇ ಹುಬ್ಬಳ್ಳಿಯ ಒಂದು ಅಡುಗೆಮನೆಯಲ್ಲಿ ಒಬ್ಬಳೇ ಕೂತಾಗ. ತವರಿನಲ್ಲಿ ನಾನು ಯಾವತ್ತೂ ನನ್ನ ಕೈಗೆ ನಾನೇ ಮದರಂಗಿ ಹಚ್ಚಿಕೊಂಡವಳಲ್ಲ. ಅಕ್ಕ ಹಚ್ಚುತ್ತಿದ್ದಳು, ಅತ್ತಿಗೆ ತುತ್ತು ತಿನ್ನಿಸುತ್ತಿದ್ದಳು, ಮೂಗು ಕೆರೆಯಬೇಕಾದರೆ ತಂಗಿ ಇದ್ದಳು. ಮನೆ ತುಂಬ ಮಂದಿ ಇದ್ದಾಗ ಎರಡು ಕೈ ಇರುವುದೇ ಮರೆತುಹೋಗುತ್ತದೆ.

ದೊಡ್ಡ ಯುದ್ಧ ಶುರುವಾಗಲು ಇನ್ನೂ ಎರಡು ವರ್ಷವಿತ್ತು. ನಾನು ಮದುವೆಯಾಗಿ ಕುಂದಗೋಳದ ಕಡೆಯ ಹಳ್ಳಿಯಿಂದ ಹುಬ್ಬಳ್ಳಿಗೆ ಬಂದು ನಾಲ್ಕು ವರ್ಷವಾಗಿತ್ತು. ನನ್ನ ಗಂಡನನ್ನು ಓಣಿಯವರು ಲಕ್ಕಪ್ಪ ಎನ್ನುತ್ತಿದ್ದರು. ಆ ಹೆಸರು ನನ್ನ ಬಾಯಲ್ಲಿ ಬರುವಂತಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ ಅಂದುಕೊಂಡು ಬರೆದಿದ್ದೇನೆ. ನಾಲ್ಕನೇ ಇಯತ್ತೆ ಕಲಿತದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ. ಅವರು ರೇಲ್ವೆ ವರ್ಕ್‌ಶಾಪಿನಲ್ಲಿ ಪಾಲಿಶ್ ಕೆಲಸದವರು. ಸಾಹೇಬರು ಕೂಡುವ ಡಬ್ಬಿಗಳ ಒಳಗಿನ ಕಟ್ಟಿಗೆಗೆಲ್ಲ ಚಪಡಾ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಕೋಟಿನ ಮೇಲೆ ಕೋಟು ಕೊಟ್ಟು, ಮುಖ ಕಾಣುವಂತೆ ಮಾಡುತ್ತಿದ್ದರು.

"ಲಕ್ಕಪ್ಪ ಬಂಗಾರದಂಥ ಮನಶ್ಯಾ. ಕುಡಿಯೂದಿಲ್ಲ, ಬಡಿಯೂದಿಲ್ಲ," ಎಂದು ಓಣಿಯ ಹೆಂಗಸರು ನನಗೆ ಕೇಳಿಸುವಂತೆ ಹೇಳುತ್ತಿದ್ದರು. ಖರೆಯೇ. ಆದರೆ ಬಂಗಾರ ಮಾತಾಡುವುದಿಲ್ಲ. ಒಂದು ದಿನ ಹೊತ್ತು ಹೋಗದೆ ಅವರ ಮಾತುಗಳನ್ನು ಎಣಿಸಿದೆ. ಮುಂಜಾನೆ "ನೀರು" ಅಂದರು. ಊಟಕ್ಕೆ "ಸಾಕು" ಅಂದರು. ವರ್ಕ್‌ಶಾಪಿನ ಭೋಂಗಾ ಕೂಗಿದಾಗ "ಬರತೇನಿ" ಅಂದರು. ಸಂಜೆ "ಕದಾ ಹಾಕು" ಅಂದರು. ಎಲ್ಲ ಕೂಡಿ ಐದು ಶಬ್ದ. ಹನ್ನೊಂದು ಜನರ ಮನೆಯಲ್ಲಿ ಬೆಳೆದವಳು ನಾನು. ರೊಟ್ಟಿ ಬಡಿಯುತ್ತಲೂ, ನೀರು ಸೇದುತ್ತಲೂ, ಜಗಳಾಡುತ್ತಲೂ ಮಾತಾಡುವ ಮಂದಿ ನಮ್ಮವರು. ಇಲ್ಲಿಗೆ ಬಂದ ಮೇಲೆ ಒಲೆಯ ಜೊತೆ ಮಾತಾಡುವುದನ್ನು ಕಲಿತೆ. ಒಲೆಯಾದರೂ ಹಸಿ ಕಟ್ಟಿಗೆ ಇಟ್ಟ ದಿನ ಏನಾದರೊಂದು ಅನ್ನುತ್ತಿತ್ತು.

ನಾನು ಅವರಿಗೆ ಎರಡನೆಯವಳು. ಮೊದಲಿನವಳು ಸಾವಕ್ಕ, ನಾನು ಬರುವುದಕ್ಕೆ ಮೂರು ವರ್ಷ ಮೊದಲು ತೀರಿಕೊಂಡಿದ್ದಳು. ನಮ್ಮಲ್ಲಿ ಸತ್ತ ಸವತಿಯ ಹೆಸರಿನಲ್ಲಿ ಒಂದು ಬೆಳ್ಳಿ ಬಿಲ್ಲೆ ಮಾಡಿಸಿ ಎರಡನೆಯವಳು ಕೊರಳಲ್ಲಿ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಅವಳ ಜೀವ ನೊಂದುಕೊಳ್ಳುತ್ತದೆ ಎನ್ನುತ್ತಾರೆ. ತಾಳಿಯ ಪಕ್ಕದಲ್ಲೇ ಸಾವಕ್ಕ ನನ್ನ ಎದೆಯ ಮೇಲೆ ತಣ್ಣಗೆ ಬಿದ್ದಿರುತ್ತಿದ್ದಳು. ಕಪ್ಪಗಿದ್ದಳೋ ಕೆಂಪಗಿದ್ದಳೋ, ನಗುವವಳೋ ಸಿಡುಕುವವಳೋ, ಏನೂ ಗೊತ್ತಿಲ್ಲ. ಹೇಳಬೇಕಾದವರು ದಿನಕ್ಕೆ ಐದು ಶಬ್ದದ ಮನುಷ್ಯ. ಹೊಸತರಲ್ಲಿ ಒಮ್ಮೆ ಕೇಳಿದ್ದೆ. ಅವರು ಎದ್ದು ಹೊರಗೆ ಹೋದರು. ಮತ್ತೆ ಕೇಳಲಿಲ್ಲ.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಗುಲಾಬಸಾಬರದು. ಮೊಹರಮ್ ಬಂದರೆ ತಾಬೂತು ಕಟ್ಟುವುದು ಅವರ ಕೆಲಸ. ಬಿದಿರಿನ ಗೋಪುರಕ್ಕೆ ಅಭ್ರಕದ ತಗಡು, ಕೆಂಪು ಹಸಿರು ಬೇಗಡೆ ಅಂಟಿಸಿ ನಿಲ್ಲಿಸಿದರೆ ಓಣಿಯೆಲ್ಲ ಥಳಥಳ ಹೊಳೆಯುತ್ತಿತ್ತು. ಆ ವರ್ಷ ತಾಬೂತು ಹೊಳೆಗೆ ಹೋದ ಮರುದಿನ ಅವರ ಹೆಂಡತಿ ಮಾಬೂಬಿ ಅಂಗಳ ಗುಡಿಸಿ, ಒಂದು ಮೊರದ ತುಂಬ ಅಭ್ರಕದ ಚೂರು, ಬೇಗಡೆಯ ತುಣುಕು ತಂದು ನನ್ನ ಮುಂದೆ ಇಟ್ಟಳು.

"ಚೆಲ್ಲಾಕ ಮನಸಾಗವಲ್ದು ರೇಣವ್ವಾ. ನೀ ಏನರ ಮಾಡ್ಕೋ."

"ನಾ ಏನ್ ಮಾಡ್ಕೊಳ್ಳಿ ಮಾಬೂಬಿ ಅಕ್ಕಾ? ತಾಬೂತ ಕಟ್ಟಲೇನ?"

"ಉಗುರಿಗೆ ಹಚ್ಕೋ. ನಮ್ಮ ಸವಣೂರಾಗ ಮದಲಗಿತ್ತಿಗೆ ಮದರಂಗಿ ಮ್ಯಾಲೆ ಅಂಟು ಸವರಿ ಅಭ್ರಕ ಉದರಸ್ತಾರ. ಏನ್ ಛಂದ ಕಾಣತೈತಿ ಅಂತಿ. ನಾನ ಹಚ್ಚತಿದ್ನಿ, ಆದ್ರ ಮುಂಜಾನಿ ಗಾಡಿಗೆ ಅವ್ವನ ಊರಿಗೆ ಹೊಂಟೇನಿ. ಬರೂದು ಹದಿನೈದ ದಿನಾ."

ಅವಳು ಹೋದಳು. ಮೊರ ಉಳಿಯಿತು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು ನನ್ನ ಮಸಿಗೋಡೆಯ ತುಂಬ ಚುಕ್ಕೆ ಎದ್ದವು. ಆಗ ನನಗೊಂದು ಹುಚ್ಚು ಹಿಡಿಯಿತು. ನನ್ನ ಗಂಡ ದಿನವಿಡೀ ಹೊಳಪನ್ನೇ ನೋಡುವವರು. ಅದರಲ್ಲಿ ಒಂದು ಗೀರು ಬಿದ್ದರೆ ಹತ್ತು ಮಾರು ದೂರದಿಂದ ಕಂಡುಹಿಡಿಯುವವರು. ನನ್ನ ಕೈ ಹೊಳೆದರೆ ನೋಡಲೇಬೇಕು. ನೋಡಿದರೆ ಏನಾದರೂ ಅನ್ನಲೇಬೇಕು. ಬೈದರೂ ನಡೆದೀತು. ಆರನೇ ಶಬ್ದವೊಂದು ಬೇಕಾಗಿತ್ತು ನನಗೆ, ಅಷ್ಟೇ.

ಅಂಟಿಗೆ ನಾನು ಎಲ್ಲೂ ಹುಡುಕಬೇಕಾಗಿರಲಿಲ್ಲ. ರವಿವಾರ ಅವರು ಖಾಸಗಿ ಕೆಲಸಕ್ಕೆಂದು ಧಾರವಾಡಕ್ಕೆ ಹೋಗುತ್ತಿದ್ದರು. ಮಾಳಮಡ್ಡಿಯ ವಕೀಲರೊಬ್ಬರ ಮನೆಯಲ್ಲಿ ಮೇಜು, ಕುರ್ಚಿ, ಕಪಾಟು ಮುಗಿಯುವುದೇ ಇಲ್ಲ. ಅದಕ್ಕೆ ಬೇಕಾದ ಚಪಡಾ ಬಾಟಲಿ, ಸ್ಪಿರಿಟ್ಟು, ಹತ್ತಿ, ಅರಿವೆ ಎಲ್ಲ ಒಂದು ಚೀಲದಲ್ಲಿ ಗೂಟಕ್ಕೆ ತೂಗುತ್ತಿದ್ದವು. ವಾರದ ಆರು ದಿನ ಅದನ್ನು ಕೇಳುವವರಿಲ್ಲ. ಅವರು ಮನೆಯಲ್ಲಿ ಕೆಲಸ ಮಾಡಿದ್ದನ್ನು ನಾನು ಒಂದೆರಡು ಸಲ ಬಾಗಿಲ ಮರೆಯಿಂದ ನೋಡಿದ್ದೆ. ತೆಳ್ಳಗೆ ಒಂದು ಕೋಟು, ಒಣಗಿದ ಮೇಲೆ ಇನ್ನೊಂದು, ಅದು ಒಣಗಿದ ಮೇಲೆ ಮತ್ತೊಂದು. ಇಷ್ಟೇ ತಾನೆ ಅಂದುಕೊಂಡೆ.

ಸೋಮವಾರ ಮದರಂಗಿ ಅರೆದು ಎರಡೂ ಕೈಯ ಉಗುರಿಗೆ ಮೆತ್ತಿ, ಬಟ್ಟೆ ಸುತ್ತಿ, ಮಧ್ಯಾಹ್ನವೆಲ್ಲ ಗೋಡೆಗೆ ಒರಗಿ ಕೂತೆ. ನೀರಡಿಸಿತು. ತಂಬಿಗೆ ಮೂರು ಮೊಳದ ಆಚೆ ಇತ್ತು. ಕುಡಿಸುವವರಿಲ್ಲದೆ ಹಾಗೇ ಕೂತೆ. ಮಂಗಳವಾರ ಹತ್ತಿಯ ಪುಟ್ಟ ಗಂಟು ಕಟ್ಟಿ ಎಡಗೈಯ ಐದೂ ಉಗುರಿಗೆ ಚಪಡಾ ಸವರಿದೆ. ಲಗೂ ಒಣಗಲೆಂದು ಉಫ್ ಉಫ್ ಅಂತ ಊದಿದೆ. ಅಭ್ರಕವನ್ನು ಒರಳಲ್ಲಿ ಕುಟ್ಟಿ, ಹಿಟ್ಟಿನಂತಾದದ್ದನ್ನು ಉಗುರಿನ ತುಂಬ ಉದುರಿಸಿ ಮತ್ತೆ ಚಪಡಾ ಕೊಟ್ಟೆ. ಮತ್ತೆ ಊದಿದೆ. ಬುಧವಾರ ದಪ್ಪ ಚೂರುಗಳನ್ನು ತುದಿಗೆ ಮಾತ್ರ ಕೂಡಿಸಿದೆ, ಬುಡದಲ್ಲಿ ಮದರಂಗಿಯ ಕೆಂಪು ಕಾಣುತ್ತ, ತುದಿಗೆ ಹೋದಂತೆ ಬೆಳ್ಳಗಾಗುವ ಹಾಗೆ. ಗುರುವಾರ ಬೇಗಡೆಯನ್ನು ಎಳ್ಳುಕಾಳಿನಷ್ಟು ಕತ್ತರಿಸಿ, ಕಸಬರಿಗೆ ಕಡ್ಡಿಯ ತುದಿಯಿಂದ ಎತ್ತಿ, ಉಂಗುರಬೆರಳಿಗೆ ನಾಲ್ಕು ಎಸಳಿನ ಹೂವು, ಹೆಬ್ಬೆರಳಿಗೆ ಅರ್ಧ ಚಂದ್ರ, ಉಳಿದವಕ್ಕೆ ರಂಗೋಲಿಯ ಚುಕ್ಕೆ ಇಟ್ಟೆ. ಎಲ್ಲದರ ಮೇಲೆ ಕೊನೆಯ ಕೋಟು. ಅಲ್ಲಲ್ಲಿ ಹಾಲಿನ ಹನಿ ಸಿಡಿದಂತೆ ಬಿಳುಪು ಕೂತಿತ್ತು. ಅಭ್ರಕದ ಗುಣವೇ ಹಾಗಿರಬೇಕು ಅಂದುಕೊಂಡೆ. ಬಿಸಿಲಿಗೆ ಹಿಡಿದರೆ ಕೈ ನನ್ನದೆನ್ನಿಸಲಿಲ್ಲ. ಅಷ್ಟು ಚೆಂದ ಇತ್ತು.

ಆಮೇಲೆ ಬಲಗೈ. ಎಡಗೈಯಲ್ಲಿ ಹತ್ತಿ ಹಿಡಿದರೆ ಅದು ನಡುಗಿತು. ಚಪಡಾ ಉಗುರು ಬಿಟ್ಟು ಬೆರಳಿಗೆಲ್ಲ ಹರಿದು, ಗಾಯವಾಗಿ ಕೀವು ಸೋರಿದಂತೆ ಕಂಡಿತು. ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಒರೆಸಿದೆ. ಮೂರನೇ ಸಲ ಸ್ಪಿರಿಟ್ಟಿನಿಂದ ಪೂರ್ತಿ ತೊಳೆದುಬಿಟ್ಟೆ. ಬಲಗೈಗೆ ಬರೀ ಮದರಂಗಿ ಉಳಿಯಿತು. ಓಣಿಯ ಯಾರನ್ನಾದರೂ ಕರೆದು ಹಚ್ಚಿಸಿಕೊಳ್ಳಬಹುದಿತ್ತು. ಆದರೆ ಗರತಿ ಹೆಂಗಸು ನಾಟಕ ಕಂಪನಿಯವರ ಹಾಗೆ ಉಗುರು ಬಣ್ಣ ಮಾಡಿಕೊಂಡಳೆಂದು ಸಂಜೆಯೊಳಗೆ ಕಮರಿಪೇಟೆಯವರೆಗೂ ಸುದ್ದಿಯಾಗುತ್ತಿತ್ತು.

ಹೋಗಲಿ, ಒಂದು ಕೈಯಾದರೂ ಆಯಿತಲ್ಲ ಅಂದುಕೊಂಡೆ. ಆಮೇಲೆ ಗೊತ್ತಾಯಿತು ನನ್ನ ದಡ್ಡತನ. ರೊಟ್ಟಿ ನೀಡುವುದು ಬಲಗೈ. ಚಹಾ ಕೊಡುವುದು ಬಲಗೈ. ಟೊಪ್ಪಿಗೆ ಎತ್ತಿ ಕೊಡುವುದು, ಬಂದವರಿಗೆ ಕುಂಕುಮ ಹಚ್ಚುವುದು, ಎಲ್ಲ ಬಲಗೈ. ಎಡಗೈಯ ಜಾಗ ಸೆರಗಿನ ಮರೆ. ಅದು ಮುಂದೆ ಬರುವ ಹೊತ್ತೇ ಇಲ್ಲ. ನಾಲ್ಕು ದಿನ ಉಸಿರು ಬಿಗಿಹಿಡಿದು ಚೆಂದ ಮಾಡಿದ ಕೈಯನ್ನು ತೋರಿಸುವುದಕ್ಕೆ ಈ ಲೋಕದಲ್ಲಿ ಒಂದು ನೆಪವೂ ಇರಲಿಲ್ಲ. ಗುರುವಾರ ಸಂಜೆ ಅವರ ಎದುರಿಗೆ ಎಡಗೈಯಿಂದ ಮುಂಗುರುಳು ಸರಿಮಾಡಿಕೊಂಡೆ. ಕಂದೀಲು ಎಡಗೈಯಲ್ಲಿ ಹಿಡಿದು ನಿಂತೆ. ಅವರು ತಾಟನ್ನೇ ನೋಡುತ್ತ ಉಂಡು ಎದ್ದರು. "ಕದಾ ಹಾಕು," ಅಂದರು.

ಶುಕ್ರವಾರ ಮುಂಜಾನೆ ನನಗೆ ಸಿಟ್ಟು ನೆತ್ತಿಗೇರಿತ್ತು. ಅವರು ಊಟಕ್ಕೆ ಕೂತರು. ಹಂಚಿನಿಂದ ತೆಗೆದ ಬಿಸಿ ರೊಟ್ಟಿಯನ್ನು ನಾನು ಎಡಗೈಯಲ್ಲಿ ಹಿಡಿದು, ಬೆರಳು ಅಗಲಿಸಿ, ಅವರ ತಾಟಿಗೆ ನೀಡಿದೆ.

ಅವರ ಕೈ ನಿಂತಿತು. ಕಣ್ಣು ನನ್ನ ಉಗುರಿನ ಮೇಲೆ ಬಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮೈಯ ಮೇಲಿನ ಏನನ್ನೋ ಸರಿಯಾಗಿ ನೋಡಿದರು. ನಾನು ಕಾದೆ. ಅವರ ಮುಖದ ರಕ್ತ ಇಳಿದುಹೋಯಿತು. ಅರ್ಧ ಉಂಡ ತಾಟನ್ನು ಸರಿಸಿ, ಕೈ ತೊಳೆದು, ಟೊಪ್ಪಿಗೆ ತಾವೇ ಎತ್ತಿಕೊಂಡು ಹೊರಟುಹೋದರು. ಭೋಂಗಾ ಇನ್ನೂ ಕೂಗಿರಲಿಲ್ಲ.

ಎಡಗೈಯಲ್ಲಿ ನೀಡುವುದೆಂದರೆ ನಾಯಿಗೆ ಹಾಕಿದ ಹಾಗೆ. ಹಾಲು ಕುಡಿಯುವ ಕೂಸಿಗೂ ಅದು ಗೊತ್ತು. ದುಡಿದು ತಂದು ಹಾಕುವ ಗಂಡನಿಗೆ ಹಾಗೆ ನೀಡಿದ ನನ್ನ ಕೈಯನ್ನು ಏನು ಮಾಡಬೇಕು ಅಂತ ತಿಳಿಯದೆ ಒಲೆಯ ಮುಂದೆ ಕೂತು ಅತ್ತೆ. ಅವತ್ತು ಅವರು ಖಾನಾವಳಿಯಲ್ಲಿ ಉಂಡು ಬಂದರು. ಶನಿವಾರವೂ ಅಷ್ಟೇ. ಮನೆಯಲ್ಲಿ ನೀರು ಸಹ ಕೇಳಲಿಲ್ಲ. ಐದಿದ್ದ ಶಬ್ದ ಒಂದೂ ಉಳಿಯಲಿಲ್ಲ. ಇನ್ನು ನನ್ನನ್ನು ತವರಿಗೆ ಕಳಿಸುತ್ತಾರೆ ಎಂದು ಖಾತ್ರಿಯಾಯಿತು. ಹೋಗಿ ಏನು ಹೇಳಲಿ? ಬಡಿಯಲಿಲ್ಲ, ಕುಡಿಯಲಿಲ್ಲ, ಮಾತಾಡಲಿಲ್ಲ ಅದಕ್ಕೆ ಹೀಗೆ ಮಾಡಿದೆ ಅಂದರೆ ನಮ್ಮಪ್ಪನೇ ಹೊಸ್ತಿಲು ದಾಟಿಸಿಕೊಳ್ಳುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಉಗುರು ಒರೆಸಿಬಿಡೋಣವೆಂದು ಸ್ಪಿರಿಟ್ಟಿನ ಬಾಟಲಿಯ ಬೂಚು ಕಿತ್ತೆ. ಮತ್ತೆ ಮುಚ್ಚಿಟ್ಟೆ. ನನ್ನಲ್ಲಿ ಅವರು ನೋಡಿದ್ದು ಅದೊಂದನ್ನೇ. ಸಿಟ್ಟಿನಿಂದಲೇ ನೋಡಿರಲಿ, ಅದನ್ನು ನನ್ನ ಕೈಯಾರೆ ಅಳಿಸಲು ಆಗಲಿಲ್ಲ.

ರವಿವಾರ ಅವರು ಧಾರವಾಡಕ್ಕೆ ಹೋಗಲಿಲ್ಲ. ಗಾಡಿಯ ಹೊತ್ತು ಮೀರಿತು, ಇವರು ಪಡಸಾಲೆಯಲ್ಲಿ ಕೂತೇ ಇದ್ದರು. ನಾನು ಅಡುಗೆಮನೆಯಲ್ಲಿ ನನ್ನ ಎರಡು ಸೀರೆಗಳನ್ನು ಮಡಚಿ ಇಟ್ಟುಕೊಂಡೆ. ಎಬ್ಬಿಸಿ ಕಳಿಸುವ ಮೊದಲು ತಯಾರಿರೋಣವೆಂದು. ಬಿಸಿಲು ಅಂಗಳಕ್ಕೆ ಬಂದಾಗ ಅವರು ಗೂಟದ ಚೀಲ ಇಳಿಸಿಕೊಂಡು ಒಳಗೆ ಬಂದರು, ನನ್ನ ಎದುರಿಗೆ ನೆಲದ ಮೇಲೆ ಕೂತರು.

"ಕೈ ತಾ."

ನಾನು ರೂಢಿಯಂತೆ ಬಲಗೈ ಚಾಚಿದೆ.

"ಅದಲ್ಲ. ಎಡದ್ದು."

ಸೆರಗಿನಿಂದ ತೆಗೆದು ಕೊಟ್ಟೆ. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಒಂದೊಂದೇ ಉಗುರನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ವಕೀಲರ ಮೇಜನ್ನೂ ಹೀಗೇ ನೋಡುತ್ತಿದ್ದಿರಬೇಕು.

"ತಪ್ಪಾತ್ರಿ," ಅಂದೆ. "ಎಡಗೈಲೆ ನೀಡಬಾರದಿತ್ತು. ನೀವು ನೋಡ್ಲಿ ಅಂತ ಮಾಡಿದ್ನಿ. ಬ್ಯಾರೆ ಏನೂ ಮನಸಿನ್ಯಾಗ ಇರಲಿಲ್ಲ."

"ನಾ ಎದ್ದದ್ದು ಅದಕ್ಕಲ್ಲ."

ಮತ್ತೆ ಏನಕ್ಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಎದ್ದು ಹೋಗುವ ಮನುಷ್ಯ.

"ಊದಿದ್ದಿ," ಅಂದರು.

"ಏನ್ರಿ?"

"ಕೋಟು ಒಣಗ್ಲಿ ಅಂತ ಬಾಯಿಲೆ ಊದಿದ್ದಿ. ಉಸಿರಿನ ಹಸಿ ತಾಗಿದ್ರ ಚಪಡಾ ಬೆಳ್ಳಗಾಗತೈತಿ. ಇಲ್ನೋಡು, ಇಲ್ಲಿ, ಇಲ್ಲಿ." ಒಂದು ಬಿಳಿ ಚುಕ್ಕೆಯ ಮೇಲೆ ಹೆಬ್ಬೆರಳು ನಿಲ್ಲಿಸಿ ಅಂದರು, "ಆಕಿನೂ ಹಿಂಗ ಊದತಿದ್ಲು. ಎಷ್ಟ ಹೇಳಿದ್ರೂ ಕೇಳತಿದ್ದಿಲ್ಲ."

ಆಕೆ ಯಾರೆಂದು ನನಗೆ ಗೊತ್ತಾಯಿತು. ನನ್ನ ಕೊರಳಿನ ಬಿಲ್ಲೆ ಭಾರವಾದಂತಾಯಿತು.

ಅವರು ಎಡಗೈ ಬಿಟ್ಟು ಬಲಗೈ ಹಿಡಿದುಕೊಂಡರು. ಹತ್ತಿಯ ಗಂಟು ಕಟ್ಟಿ, ಮೇಲೆ ಹಳೆಯ ಮೆತ್ತನೆಯ ಅರಿವೆ ಸುತ್ತಿ, ಒಂದೇ ಒಂದು ಹನಿ ಚಪಡಾ ಕುಡಿಸಿ, ಕಿರುಬೆರಳಿನ ಉಗುರಿನ ಮೇಲೆ ಒಂದೇ ಸಲ ಎಳೆದರು. ಹಚ್ಚಿದ್ದು ನನಗೆ ತಿಳಿಯಲೂ ಇಲ್ಲ. ಐದು ಬೆರಳೂ ಆಯಿತು. ನಾನು ರೂಢಿಯಿಂದ ಕೈಯನ್ನು ಬಾಯಿ ಹತ್ತಿರ ಒಯ್ಯಲು ಹೋದೆ. ಅವರು ಮಣಿಕಟ್ಟು ಬಿಡಲಿಲ್ಲ.

"ಊದಬ್ಯಾಡ. ಸುಮ್ಮನ ಕುಂದ್ರು. ಒಣಗೂತನಕ ಏನೂ ಮಾಡೂದಿರೂದಿಲ್ಲ."

ಮಾಡುವುದೇನೂ ಇರಲಿಲ್ಲ. ನನ್ನ ಕೈ ಅವರ ಮೊಣಕಾಲ ಮೇಲಿತ್ತು. ಗುಲಾಬಸಾಬರ ಮನೆಯ ಕೋಳಿ ನಮ್ಮ ಅಂಗಳಕ್ಕೆ ಬಂದು ಕೆದರುತ್ತಿತ್ತು. ಆ ಖಾಲಿ ಹೊತ್ತಿನಲ್ಲಿ ಅವರು ಮಾತಾಡಲು ಶುರುಮಾಡಿದರು, ನನಗೆ ಹೇಳುತ್ತಿದ್ದಾರೋ ಉಗುರಿಗೆ ಹೇಳುತ್ತಿದ್ದಾರೋ ಅನ್ನುವಂತೆ.

"ವರ್ಕ್‌ಶಾಪಿಗೆ ಸೇರಿದ ಹೊಸದಾಗಿ ನನಗ ಕೈ ಕೂಡತಿದ್ದಿಲ್ಲ. ಮನ್ಯಾಗ ತಿದ್ದಿಕೊಂಡ ಬಾ ಅಂದ್ರು ಮೇಸ್ತ್ರಿ. ಮನ್ಯಾಗ ಒಂದ ಹಲಗಿನೂ ಇರಲಿಲ್ಲ. ಆಕಿ ಕೈ ಮುಂದ ಹಿಡಿದ್ಲು. ಹತ್ತ ಉಗುರ ಅದಾವು, ಹತ್ತ ಹಲಗಿ ಅಂತ ತಿಳ್ಕೋರಿ ಅಂದ್ಲು. ದಿನಾ ಸಂಜಿಕ ಹಚ್ಚೂದು, ಒರಸೂದು. ನಾ ಈ ಕೆಲಸಾ ಕಲತದ್ದು ಆಕಿ ಉಗುರಿನ ಮ್ಯಾಲೆ."

ಅಭ್ರಕ ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ನನ್ನ ಒರಟು ಪುಡಿಯನ್ನು ತೆಳು ಅರಿವೆಯಲ್ಲಿ ಹಾಯಿಸಿ, ಎರಡನೇ ಕೋಟು ಎಳೆದು, ಅದು ಆರುವ ಮೊದಲು ಬೆರಳ ತುದಿಯಿಂದ ತಟ್ಟಿ ತಟ್ಟಿ ಉದುರಿಸಿದರು. ನಾಲ್ಕು ದಿನದಲ್ಲಿ ನಾನು ಮಾಡಿದ್ದಕ್ಕಿಂತ ಅದು ನೂರು ಪಾಲು ಚೆಂದ ಬಂತು. ಮತ್ತೆ ಕಾಯುವ ಹೊತ್ತು.

"ಬಾಣಂತನಕ್ಕ ತವರಿಗೆ ಹೋಗೂ ಹಿಂದಿನ ದಿನಾ ಛಲೋತ್ನಾಗಿ ಹಚ್ಚಿ ಕಳಸಿದ್ನಿ. ಬಣ್ಣ ಗಿಣ್ಣ ಇಲ್ಲ, ಬರೀ ಚಪಡಾ. ಒರಸಬ್ಯಾಡ್ರಿ, ಇದು ಹಿಂಗ ಇರ್ಲಿ, ನೋಡ್ಕೋತ ಇರತೇನಿ ಅಂದ್ಲು." ಅರಿವೆಗೆ ಬೆರಳು ಒರೆಸಿಕೊಂಡರು. ನಾನು ಅಲುಗಾಡಲಿಲ್ಲ. "ಸುದ್ದಿ ಬಂತು. ಹೋದ್ನಿ. ಕೂಸೂ ಉಳದಿರಲಿಲ್ಲ. ಮಣ್ಣ ಮಾಡಾಕ ಒಯ್ಯೂ ಮದಲ ಆಕಿನ್ನ ಗ್ವಾಡಿಗೆ ಕುಂದರಿಸಿದ್ರು. ಮಾರಿ ನೋಡಾಕ ನನಗ ಆಗಲಿಲ್ಲ. ಕೈ ನೋಡಿದ್ನಿ. ಹೊಳಪು ಹಂಗ ಇತ್ತು. ಉಗುರು ಬೆಳೆದಿತ್ತಲ್ಲ, ಬುಡದಾಗ ಅಕ್ಕಿಕಾಳಿನಷ್ಟು ಜಾಗಾ ಖಾಲಿ ಬಿಟ್ಟಿತ್ತು. ಅಷ್ಟ ದಿನಾ ನಾ ಆಕಿ ಹತ್ರ ಇರಲಿಲ್ಲ."

ನನಗೆ ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳು. ನಾಲ್ಕು ವರ್ಷ ನಾನು ಕಾದ ಮಾತು ಒಂದೇ ದಿನ ಹೊರಬಂತು, ಅದೂ ಬೇರೆ ಹೆಂಗಸಿನ ಸಲುವಾಗಿ. ಅವಳ ಸಲುವಾಗಿ ದುಃಖವೂ ಆಯಿತು. ಬಿಲ್ಲೆಯಾಗಿ ಬಿದ್ದಿದ್ದವಳಿಗೆ ಈಗ ಕೈ ಬಂದಿತ್ತು, ಮಾತು ಬಂದಿತ್ತು, ಹೇಳಿದ್ದು ಕೇಳದೆ ಊದುವ ಹಟ ಬಂದಿತ್ತು. ನನ್ನ ಹಾಗೆಯೇ ಇದ್ದಳು ಅನ್ನಿಸಿತು. ಇವರು ಶುಕ್ರವಾರ ಎದ್ದು ಹೋದದ್ದು ನನ್ನ ಎಡಗೈಯ ಅವಮಾನಕ್ಕಲ್ಲ. ಹೊಳೆಯುವ ಉಗುರು ರೊಟ್ಟಿ ನೀಡಿದ್ದನ್ನು ನೋಡಿ ತಾಳಲಾಗದೆ ಹೋದದ್ದು. ನಾನು ಈ ಮನೆಯಲ್ಲಿ ಒಬ್ಬಳೇ ಇದ್ದೇನೆಂದು ತಿಳಿದಿದ್ದೆ. ಅವರೂ ಇದೇ ಮನೆಯಲ್ಲಿ ಏಳು ವರ್ಷದಿಂದ ಒಬ್ಬರೇ ಇದ್ದರು.

ಅವರು ಮೂರನೇ ಕೋಟು ಎಳೆದರು. ಬೇಗಡೆ ಕತ್ತರಿಸುತ್ತ ಕೇಳಿದರು, "ಹೂವಿಗೆ ಎಷ್ಟ ಎಸಳು?"

"ನಾಕ್ರಿ."

ಕೂಡಿಸಿದರು. ಹೆಬ್ಬೆರಳಿಗೆ ಅರ್ಧ ಚಂದ್ರ ಇಟ್ಟರು. ಇನ್ನು ಅದರ ಮೇಲೆ ಕೊನೆಯದೊಂದು ಕೋಟು ಎಳೆದರೆ ಮುಗಿಯಿತು. ಬಾಟಲಿಗೆ ಬೂಚು ಬೀಳುತ್ತದೆ, ಚೀಲ ಗೂಟಕ್ಕೆ ಹೋಗುತ್ತದೆ, ನಾಳೆ ಮುಂಜಾನೆ "ನೀರು" ಅನ್ನುತ್ತಾರೆ. ಕೆಳಗಿನ ಕೋಟು ಒಣಗುವುದಕ್ಕೆ ಕಾಯುತ್ತ ಕೂತೆವು. ಕೋಳಿ ಹೋಗಿತ್ತು. ಬಿಸಿಲು ಹೊಸ್ತಿಲು ದಾಟಿ ನನ್ನ ಮಡಚಿಟ್ಟ ಸೀರೆಗಳ ಮೇಲೆ ಬಿದ್ದಿತ್ತು. ಅವರು ಅವನ್ನು ನೋಡಿದರು.

ಚಪಡಾ ಒಣಗಿದಾಗ ಉಗುರನ್ನು ಸಣ್ಣಗೆ ಬಿಗಿಹಿಡಿದಂತಾಗುತ್ತದೆ. ಮೂರು ದಿನದ ಅಭ್ಯಾಸದಲ್ಲಿ ನನಗೆ ಅದು ಗೊತ್ತಾಗಿತ್ತು. ಅವರು ಸಾವಕ್ಕನ ತವರಿನ ಬಾವಿಯ ಬಗ್ಗೆ ಏನೋ ಹೇಳುತ್ತಿರುವಾಗಲೇ ಐದೂ ಉಗುರು ಬಿಗಿದುಕೊಂಡಿದ್ದವು. ಮಾತು ನಿಲ್ಲಿಸಿ, ಹತ್ತಿಯ ಗಂಟು ಎತ್ತಿಕೊಂಡು, ಅವರು ಕೇಳಿದರು.

"ಒಣಗಿತೇನ?"

"ಇನ್ನೂ ಇಲ್ರಿ," ಅಂದೆ.

ಅವರು ನನ್ನ ಉಗುರಿನ ಕಡೆ ನೋಡಿದರು. ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ಪಾಲಿಶ್ ಮಾಡಿದ ಮನುಷ್ಯನಿಗೆ ಒಂದು ಕೋಟು ಒಣಗಲು ಎಷ್ಟು ಹೊತ್ತು ಬೇಕೆಂದು ಬೇರೆಯವರು ಹೇಳಬೇಕಾಗಿಲ್ಲ. ಹತ್ತಿಯ ಗಂಟನ್ನು ಕೆಳಗಿಟ್ಟರು.

"ಹಂಗಾದ್ರ ಇನ್ನಷ್ಟ ಹೊತ್ತು ಕುಂದ್ರೂಣು," ಅಂದರು.